ಜಗಲಿಯಲ್ಲಿ ಕೂರಿಸಿ ಕೇಳಿದ ಒಪ್ಪಿಗೆ

"ನಮ್ಮ ಜನರ ಬಾಯಿಂದ ಒಂದು 'ಹೂಂ' ಹೊರಡಿಸುದು ದೇವರಿಂದ ಆಗ್ಲಿಲ್ಲ. ಇನ್ನು ಈ ಡಬ್ಬಿಯಿಂದ ಆಗ್ತದಾ?"

ಹೀಗೆಂದವರು ನಮ್ಮ ಸೊಸೈಟಿಯ ಸೆಕ್ರೆಟರಿ ವಾಮನ ರಾಯರು. ಡಬ್ಬಿ ಎಂದರೆ ಕಂಪ್ಯೂಟರ್. ಅದರ ಎದುರು ಕೂತಿದ್ದವಳು ನಾನು, ಜಲಜಾಕ್ಷಿ, ಬಿ.ಕಾಂ. ಹೆಸರಿನ ಹಿಂದೆ ಡಿಗ್ರಿ ಬರೆಯುವುದು ಜಂಭ ಎಂದು ಈಗಿನವರು ನಗುತ್ತಾರೆ. ನಗಲಿ. ಅಜ್ಜನ ಕಾಲದಿಂದ ಡಿಗ್ರಿ ಇರುವ ಮನೆಯವರಿಗೆ ಅದು ಜಂಭ. ಹೆಬ್ಬೆಟ್ಟು ಒತ್ತುತ್ತಿದ್ದವರ ಮನೆಯಿಂದ ಬಂದವಳಿಗೆ ಅದು ಹೆಸರಿನದೇ ಒಂದು ತುಂಡು.

ಈಚೆಗೆ ನಾನು ನಿವೃತ್ತಳಾದ ಮೇಲೆ ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರಿದ ಮಕ್ಕಳು, "ಮೇಡಂ, ನಿಮ್ಮ ಅನುಭವ ಬರೀರಿ, ನಮಗೆ ಪ್ರಯೋಜನ ಆಗ್ತದೆ" ಎಂದರು. ಪ್ರಯೋಜನ ಆಗುವ ಸಂಭವ ಕಡಿಮೆ. ಆದರೂ ಬರೆಯುತ್ತೇನೆ. ನನ್ನ ಬಡ್ತಿಗಳ ಬಗ್ಗೆ ಹೇಳುವುದಿಲ್ಲ. ಎದುರಿನ ಕುರ್ಚಿಯವರು ಒಬ್ಬೊಬ್ಬರೇ ರಿಟೈರ್ ಆದ ಹಾಗೆ ಅವು ತಾವಾಗಿ ಬಂದವು, ಅದರಲ್ಲಿ ನನ್ನ ಸಾಧನೆ ಎಂದರೆ ಸಾಯದೆ ಇದ್ದದ್ದು. ಒಂದು ಒಪ್ಪಿಗೆಯ ಕತೆ ಹೇಳುತ್ತೇನೆ. ನೀವು ದಿನಕ್ಕೆ ಎಷ್ಟೋ ಸಲ ಓದದೆ ಒತ್ತುತ್ತೀರಲ್ಲ, 'ಐ ಅಗ್ರೀ' ಅಂತ, ಅದನ್ನು ನಮ್ಮೂರಿಗೆ ತಂದವಳು ನಾನು. ಶಾಪ ಹಾಕುವುದಿದ್ದರೆ ವಿಳಾಸ ಗೊತ್ತಿರಲಿ.

ತೊಂಬತ್ತರ ದಶಕದ ನಡುವಿನ ಮಾತು. ಇಂಟರ್ನೆಟ್ ಎಂಬುದು ಪುತ್ತೂರಿಗೆ ಬಂದಿರಲಿಲ್ಲ, ಕಡಬ ತಾಲೂಕು ಆಗಿರಲಿಲ್ಲ. ನಮ್ಮ ಮಾರಾಟ ಸೊಸೈಟಿಯ ನಿರ್ದೇಶಕರೊಬ್ಬರು ಎಲ್ಲಿಯೋ ಸಮ್ಮೇಳನಕ್ಕೆ ಹೋಗಿ, ಊಟ ಚೆನ್ನಾಗಿದ್ದ ಕಾರಣ ಅಲ್ಲಿ ಹೇಳಿದ್ದನ್ನೆಲ್ಲ ನಂಬಿ, 'ಬುಲೆಟಿನ್ ಬೋರ್ಡ್' ಎಂಬ ವ್ಯವಸ್ಥೆಯನ್ನು ಖರೀದಿಸಿ ತಂದರು. ಅದು ಇಷ್ಟೆ: ಪುತ್ತೂರಿನ ಹೆಡ್ ಆಫೀಸಿನಲ್ಲಿ ಒಂದು ಕಂಪ್ಯೂಟರ್, ಅದಕ್ಕೆ ಮೋಡೆಮ್, ಮೋಡೆಮಿಗೆ ಒಂದು ಟೆಲಿಫೋನ್ ಲೈನ್. ಸುಳ್ಯ, ಕಡಬ, ಅರಂತೋಡಿನ ಬ್ರಾಂಚುಗಳ ಕಂಪ್ಯೂಟರುಗಳು ಈ ಲೈನಿಗೆ ಫೋನ್ ಮಾಡಿ ಒಳಗೆ ಬರುವುದು, ದಿನದ ರಬ್ಬರು, ಕೊಕ್ಕೊ, ಕಾಳುಮೆಣಸಿನ ಧಾರಣೆ ಓದುವುದು, ತಮ್ಮ ಸಮಾಚಾರ ಬರೆದು ಹೋಗುವುದು. ಲೈನ್ ಒಂದೇ. ಒಬ್ಬ ಒಳಗಿದ್ದರೆ ಉಳಿದವರಿಗೆಲ್ಲ ಎಂಗೇಜ್.

ಅದನ್ನು ನೋಡಿಕೊಳ್ಳಲು ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ಈ ತಾತ್ಕಾಲಿಕ ಎಂಬ ಪದಕ್ಕೆ ನಮ್ಮ ಮನೆಯಲ್ಲಿ ಇದ್ದ ತೂಕವನ್ನು ನಿಮಗೆ ಹೇಳಬೇಕು. ಅಪ್ಪ ಕೊಯಿಲದ ದನದ ಫಾರ್ಮಿನಲ್ಲಿ ಹುಲ್ಲು ಹೊರುತ್ತಿದ್ದವರು, ನಾನು ಸಣ್ಣವಳಿರುವಾಗಲೇ ತೀರಿಕೊಂಡರು. ಅಮ್ಮ ನನ್ನನ್ನು ಕರೆದುಕೊಂಡು ಇಚಿಲಂಪಾಡಿಯ ತನ್ನ ತಾಯಿಮನೆಗೆ ಬಂದು, ಬೀಡಿ ಕಟ್ಟಿ ನನ್ನನ್ನು ಓದಿಸಿದರು. ಆ ಮನೆಯ ಯಜಮಾನರು ಅಮ್ಮನ ಅಣ್ಣ, ದೂಮಣ್ಣ ಮಾವ. ನಮ್ಮಲ್ಲಿ ಮಾವನನ್ನು ಕೇಳದೆ ಹಲಸಿನ ಮರದ ಗೆಲ್ಲು ಕೂಡ ಕಡಿಯುವುದಿಲ್ಲ. ಅವರನ್ನು ಕೇಳಿದರೆ ಸಿಗುವ ಉತ್ತರ ಮಾತ್ರ ಯಾವಾಗಲೂ ಒಂದೇ. ತುಳುವಿನಲ್ಲಿ "ತೂಕ" ಎನ್ನುವರು, ಎಂದರೆ "ನೋಡುವ".

ಪಿಯುಸಿ ಪಾಸಾದ ದಿನ ಅಮ್ಮ ಬಾಗಿಲ ಮರೆಯಿಂದ, "ಜಲಜನನ್ನು ಪುತ್ತೂರಿಗೆ ಕಾಲೇಜಿಗೆ ಕಳಿಸುದಾ ಅಣ್ಣ?" ಎಂದು ಕೇಳಿದರು. ಮಾವ, "ತೂಕ" ಎಂದು ವೀಳ್ಯದೆಲೆಗೆ ಸುಣ್ಣ ಸವರಿದರು. ನಾವು ಕಾದೆವು. ಅರ್ಜಿಯ ಕಡೆಯ ದಿನಕ್ಕೆ ಒಂದೇ ರಾತ್ರಿ ಉಳಿದಾಗಲೂ ಮಾವ ನೋಡುತ್ತಲೇ ಇದ್ದರು. ಮರುದಿನ ಬೆಳಗ್ಗೆ ನಾನು ಮೊದಲ ಬಸ್ಸಿಗೆ ಹೋದೆ. ಅವರು ಜಗಲಿಯಲ್ಲಿ ಕೂತು ನೋಡಿದರು, ಏನೂ ಹೇಳಲಿಲ್ಲ. ಡಿಗ್ರಿ ಮುಗಿಯುವ ತನಕವೂ ಹೇಳಲಿಲ್ಲ. ನೆಂಟರು ಕೇಳಿದರೆ, "ನಾನು ಒಪ್ಪಿಗೆ ಕೊಟ್ಟದ್ದಲ್ಲ, ಅವಳು ಹೋಗುದು" ಎನ್ನುತ್ತಿದ್ದರಂತೆ. ಅಂಥ ಮನೆಗೆ ಕೆಲಸ ಕಳೆದುಕೊಂಡು ವಾಪಸ್ಸು ಹೋದರೆ ಮುಂದೆ ಯಾವ ಹುಡುಗಿಯೂ ಆ ಮೊದಲ ಬಸ್ಸು ಹತ್ತುವ ಹಾಗಿರಲಿಲ್ಲ. ಚಿಕ್ಕಮ್ಮನ ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿದ್ದರು.

ಬೋರ್ಡು ಶುರುವಾದದ್ದು ಯಾವ ನಿಯಮವೂ ಇಲ್ಲದೆ. ಜನರ ಮೇಲೆ ನಂಬಿಕೆ ಇಡಬೇಕು ಎಂದು ಸಮ್ಮೇಳನದಲ್ಲಿ ಹೇಳಿದ್ದರಂತೆ. ಮೊದಲ ವಾರ ಧಾರಣೆ, ದಾಸ್ತಾನು. ಎರಡನೇ ವಾರ ಮದುವೆ ಆಮಂತ್ರಣ, ಮಾರಾಟಕ್ಕಿರುವ ಎಮ್ಮೆ. ಮೂರನೇ ವಾರ ಯಾರೋ ಹೆಸರು ಹಾಕದೆ, ಸಮ್ಮೇಳನಕ್ಕೆ ಹೋಗಿದ್ದ ನಿರ್ದೇಶಕರ ಕಾಳುಮೆಣಸಿನಲ್ಲಿ ಕಲ್ಲು ಇರುತ್ತದೆ ಎಂದು ಬರೆದರು. ಆವತ್ತಿಗೆ ಜನರ ಮೇಲಿನ ನಂಬಿಕೆ ಮುಗಿಯಿತು. ಆಡಳಿತ ಮಂಡಳಿ ಕೂತು ತೀರ್ಮಾನ ಮಾಡಿತು: ಇನ್ನು ಮುಂದೆ ಯಾರೇ ಆಗಲಿ, ನಿಯಮಗಳಿಗೆ ಒಪ್ಪಿಗೆ ಕೊಟ್ಟ ಮೇಲೆಯೇ ಬೋರ್ಡಿನ ಒಳಗೆ. ಮಹಾಸಭೆಯ ಒಳಗೆ ಎಲ್ಲ ಬ್ರಾಂಚುಗಳೂ ಒಪ್ಪದಿದ್ದರೆ ಬೋರ್ಡು ಬಂದ್, ಜಲಜಾಕ್ಷಿಯೂ ಬಂದ್. ಆ ಸಭೆಯಿಂದ ಹೊರಗೆ ಬಂದೇ ರಾಯರು ಆ ಡಬ್ಬಿಯ ಮಾತು ಹೇಳಿದ್ದು.

ಸಾಫ್ಟ್‌ವೇರಿನ ಜೊತೆ ಮಾದರಿ ಒಪ್ಪಂದವೊಂದು ಬಂದಿತ್ತು. ಹೊಸಬರು ಹೆಸರು, ಗುಪ್ತಪದ ಕೊಟ್ಟ ಕೂಡಲೆ ಅದು ಪರದೆಯ ಮೇಲೆ ಬರುವುದು. ಕೊನೆಗೆ, ಒಪ್ಪುತ್ತೀರಾ? ಒಪ್ಪಿದರೆ ವೈ, ಇಲ್ಲದಿದ್ದರೆ ಎನ್. ಎನ್ ಒತ್ತಿದರೆ ಲೈನ್ ಕಟ್. ಅದನ್ನು ಬರೆದವರು ಯಾವುದೋ ಹೊರದೇಶದವರು. 'ನಾನು ಹದಿನೆಂಟು ವರ್ಷ ದಾಟಿದ್ದೇನೆ. ನಾನು ಪೊಲೀಸ್ ಇಲಾಖೆಗೆ ಸೇರಿದವನಲ್ಲ. ಪೊಲೀಸರ ಪರವಾಗಿ ಇಲ್ಲಿಗೆ ಬಂದಿಲ್ಲ' ಎಂದೆಲ್ಲ ಇಂಗ್ಲಿಷಿನಲ್ಲಿತ್ತು. ಅಲ್ಲಿಯವರು ಬೋರ್ಡಿನಲ್ಲಿ ಎಂತ ಮಾಡುತ್ತಿದ್ದರೋ, ಧಾರಣೆಯನ್ನಂತೂ ಓದುತ್ತಿರಲಿಲ್ಲ.

"ಸಾರ್, ಇದನ್ನು ತೆಗೆದು ನಮ್ಮದೇ ಬರೆಯುವ" ಎಂದೆ.

"ಇಂಗ್ಲಿಷಿನಲ್ಲಿ ಇರ್ಲಿ. ಕಾನೂನು ಅಂತ ಕಾಣ್ತದೆ" ಎಂದರು ರಾಯರು.

"ಈ ಪೊಲೀಸ್ ವಿಷಯ?"

"ತಿಳಿದವರು ಬರೆದದ್ದು. ನೀನು ಬಿ.ಕಾಂ., ವಕೀಲೆ ಅಲ್ಲ."

ಇನ್ನೊಂದು ಇತ್ತು. ಪ್ರಶ್ನೆಗೆ ಸ್ವಲ್ಪ ಹೊತ್ತು ಉತ್ತರ ಬಾರದಿದ್ದರೆ ಯಂತ್ರ ತಾನಾಗಿ ಲೈನ್ ಕಡಿಯುತ್ತಿತ್ತು. ರಾಯರಿಗೆ ಅದು ಹಿಡಿಸಲಿಲ್ಲ. "ಮ್ಯಾನೇಜರುಗಳೆಲ್ಲ ವಯಸ್ಸಾದವರು. ಹಿರಿಯರನ್ನು ಅವಸರ ಮಾಡುದಾ? ಅದನ್ನು ತೆಗಿ." ತೆಗೆದೆ. ಮೇಲಿನವರು ಹೇಳಿದ್ದನ್ನು ಮಾಡಿದರೆ ಮೇಲಿನವರೇ ಅದಕ್ಕೆ ಹೊಣೆ ಎಂದು ಆಗ ನಂಬಿದ್ದೆ. ನೀವು ನಂಬಬೇಡಿ.

ಮರುದಿನ ಬೆಳಗ್ಗೆ ಸುಳ್ಯ ಬ್ರಾಂಚು ಒಳಗೆ ಬಂತು. ಪ್ರಶ್ನೆಯ ಎದುರು ನಿಂತಿತು. ನಿಂತೇ ಇತ್ತು. ನಾನು ಪರದೆ ನೋಡುತ್ತ ಕೂತೆ. ಅಷ್ಟರಲ್ಲಿ ರಾಯರ ಕೋಣೆಯ ಇನ್ನೊಂದು ಫೋನಿಗೆ ಕರೆ. ಸುಳ್ಯದ ಮ್ಯಾನೇಜರ್ ಬೆಳ್ಳಿಯಪ್ಪಣ್ಣ. ಆಫೀಸಿನ ಲೈನನ್ನು ಕಂಪ್ಯೂಟರಿಗೆ ಬಿಟ್ಟು, ಪಕ್ಕದ ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದರು.

"ಜಲಜಾಕ್ಷಿ, ಇದೆಂತ ಮಾರಾಯ್ತಿ? ನಾನು ಪೊಲೀಸ್ ಅಲ್ಲ ಅಂತ ಬರ್ದುಕೊಡ್ಬೇಕಾ?"

"ಅದು ಫಾರಿನ್ ಪದ್ಧತಿ ಅಣ್ಣ. ವೈ ಒತ್ತಿ."

"ನನ್ನ ಅಳಿಯ ಪೊಲೀಸ್ ಉಂಟಲ್ಲ, ಮಡಿಕೇರಿಯಲ್ಲಿ."

"ಅಳಿಯ ಒತ್ತುದಲ್ಲ, ನೀವು ಒತ್ತುದು."

"ಮನೆಗೆ ಬಂದರೆ ಊಟ ಹಾಕ್ತೇನಲ್ಲ! ಪೊಲೀಸರಿಗೂ ನನಗೂ ಸಂಬಂಧ ಇಲ್ಲ ಅಂತ ಒತ್ತಿದರೆ ಮಗಳು ಸುಮ್ಮನೆ ಬಿಡ್ತಾಳಾ? ಸಂಜೆ ಅವನಿಗೆ ಫೋನ್ ಮಾಡಿ ಕೇಳ್ತೇನೆ."

"ಅಲ್ಲಿವರೆಗೆ ಎನ್ ಒತ್ತಿ ಅಣ್ಣ, ಲೈನ್ ಬಿಟ್ಟುಕೊಡಿ."

"ಎನ್ ಅಂದರೆ ಇಲ್ಲ ಅಂತಲ್ವಾ? ಹೆಡ್ ಆಫೀಸಿನವರು ಕೇಳಿದ್ದಕ್ಕೆ ಇಲ್ಲ ಹೇಳ್ಲಿಕ್ಕೆ ನಾನು ಎಂಥವ? ಹಾಗೇ ಇರ್ಲಿ ಬಿಡು."

ಹಾಗೇ ಇತ್ತು. ಕಡಬಕ್ಕೆ ಎಂಗೇಜ್, ಅರಂತೋಡಿಗೆ ಎಂಗೇಜ್. ಆ ದಿನದ ಧಾರಣೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿಯಾಗಿ ಹೋಯಿತು, ಬೋರ್ಡು ಬರುವ ಮೊದಲು ಹೋಗುತ್ತಿದ್ದ ಹಾಗೆಯೇ. ನನ್ನನ್ನು ಕಾಪಾಡಿದ್ದು ಸಿಡಿಲು. ನಮ್ಮ ಕಡೆ ಸಿಡಿಲಿಗೆ ಫೋನು ಸುಟ್ಟುಹೋಗದ ಮನೆ ಇಲ್ಲ. ಹಾಗಾಗಿ ದೂರದಲ್ಲಿ ಗುಡುಗಿದರೆ ಸಾಕು, ಎಲ್ಲರೂ ಓಡಿಹೋಗಿ ವಯರು ಎಳೆಯುತ್ತಾರೆ. ಮಧ್ಯಾಹ್ನದ ಮೇಲೆ ಗುಡುಗು ಕೇಳಿ ಬೆಳ್ಳಿಯಪ್ಪಣ್ಣ ವಯರು ಎಳೆದ ಮೇಲೆ ಲೈನ್ ಬಿಡುಗಡೆಯಾಯಿತು. ಯಂತ್ರದಿಂದ ನಾವು ತೆಗೆದುಹಾಕಿದ ಅವಸರವನ್ನು ಇಂದ್ರದೇವರು ವಾಪಸ್ಸು ಹಾಕಿದ್ದರು. ಆದರೆ ದಿನಾಲೂ ಗುಡುಗಬೇಕಲ್ಲ.

ಇದನ್ನು ಸರಿ ಮಾಡಿ ಎಂದು ಮಂಡಳಿಗೆ ಹೇಳಿದೆ. ಅವರು ಸರಿ ಮಾಡಿದರು, ಅಂದರೆ ಇನ್ನಷ್ಟು ಸೇರಿಸಿದರು. ಒಪ್ಪಂದದ ತಲೆಯಲ್ಲಿ ಅಧ್ಯಕ್ಷರ ಹೆಸರು ಬೇಕು ಎಂದು ಒಬ್ಬರು. ಅಧ್ಯಕ್ಷರ ಹೆಸರಿದ್ದರೆ ಉಪಾಧ್ಯಕ್ಷರದ್ದೂ ಬೇಡವಾ ಎಂದು ಉಪಾಧ್ಯಕ್ಷರು. ಸೊಸೈಟಿಯ ಚಹಾದ ಬಗ್ಗೆ ಟೀಕೆ ಮಾಡಬಾರದು ಎಂದು ಚಹಾದ ಕಂಟ್ರಾಕ್ಟು ಇದ್ದವರ ಭಾವ. ಕಾಳುಮೆಣಸಿನ ಕಲ್ಲಿನ ವಿಷಯ ಪ್ರತ್ಯೇಕ ಕಲಂ. ಕೊನೆಗೆ ಅದು ಪರದೆಯಲ್ಲಿ ಹಿಡಿಸದಷ್ಟು ಉದ್ದವಾಗಿ, ಮೇಲಿನದೆಲ್ಲ ಸರಸರ ಹಾರಿಹೋಗಿ, ಓದುವವರಿಗೆ ಉಳಿಯುತ್ತಿದ್ದದ್ದು 'ಒಪ್ಪುತ್ತೀರಾ?' ಎಂಬ ಸಾಲು ಒಂದೇ. ಎಂತಕ್ಕೆ ಒಪ್ಪುವುದು ಎಂದು ಕೇಳಿದರೆ ಉತ್ತರ ಹಾರಿಹೋಗಿ ಆಗಿತ್ತು. ಈಗಿನ ದೊಡ್ಡ ಕಂಪೆನಿಗಳು ಬೇಕೆಂದೇ ಮಾಡುವುದನ್ನು ನಮ್ಮ ಮಂಡಳಿ ಬರೇ ಸಾಮಾನ್ಯ ಜ್ಞಾನದಿಂದ ಸಾಧಿಸಿತ್ತು.

ಕಡಬದವರಂತೂ ಪ್ರಶ್ನೆ ಕಂಡ ಕೂಡಲೆ ಅದನ್ನು ಪ್ರಿಂಟ್ ತೆಗೆದರು. ಮ್ಯಾನೇಜರ್ ಚೆನ್ನಪ್ಪಣ್ಣ ಫೋನಿನಲ್ಲಿ ಹೇಳಿದರು: "ನಾನೊಬ್ಬನೇ ಒಪ್ಪುದು ಹೇಗೆ? ಬ್ರಾಂಚಿನ ಹಿರಿಯ ಸದಸ್ಯರಿಗೆ ತೋರಿಸಿದ್ದೇನೆ. ಅವರು ಹೂಂ ಹೇಳಿದರೆ ಒತ್ತುದು."

"ಯಾರು ಅಣ್ಣ, ಹಿರಿಯ ಸದಸ್ಯರು?"

"ಮತ್ಯಾರು? ನಿನ್ನ ದೂಮಣ್ಣ ಮಾವನೇ."

ನಾನು ಫೋನ್ ಇಟ್ಟೆ. ಎದುರಿನ ರಾಯರು, "ಎಂತ, ಮುಖ ಹೀಗಾಯ್ತು?" ಎಂದರು. ನನ್ನ ಕೆಲಸ ಉಳಿಯಬೇಕಾದರೆ ದೂಮಣ್ಣ ಮಾವ ಹೂಂ ಎನ್ನಬೇಕಿತ್ತು. ಆ ಮಾವ ತನ್ನ ಸ್ವಂತ ಮದುವೆಗೆ ಹೂಂ ಎಂದದ್ದಕ್ಕೂ ಸಾಕ್ಷಿ ಇಲ್ಲ ಎಂದು ಅತ್ತೆ ಹೇಳುತ್ತಿದ್ದರು.

ಭಾನುವಾರ ಇಚಿಲಂಪಾಡಿಗೆ ಹೋದೆ. ಜಗಲಿಯಲ್ಲಿ ಮಾವ ಕೂತಿದ್ದರು. ಪ್ರಿಂಟ್ ಮಾಡಿದ ಒಪ್ಪಂದ ವೀಳ್ಯದ ಹರಿವಾಣದ ಅಡಿಯಲ್ಲಿ ಅಲುಗಾಡದೆ ಮಲಗಿತ್ತು.

"ಮಾವ, ಅದನ್ನು ಚೆನ್ನಪ್ಪಣ್ಣ ಓದಿ ಹೇಳಿದ್ರಾ?"

"ಮೊದಲು ಕೂತುಕೊ. ಬೆಲ್ಲ ನೀರು ಕುಡಿ. ಬಿಸಿಲಿಗೆ ಬಂದದ್ದು."

ಅತ್ತೆ ಬೆಲ್ಲದ ತುಂಡು, ಚೆಂಬಿನಲ್ಲಿ ನೀರು ತಂದಿಟ್ಟರು. ಕುಡಿದೆ.

"ಈಗ ಹೇಳಿ ಮಾವ. ಚೆನ್ನಪ್ಪಣ್ಣ ಒತ್ತಬಹುದಾ?"

"ತೂಕ."

"ಮಾವ, ಮಹಾಸಭೆ ಹತ್ತಿರ ಬಂತು. ಆಗದಿದ್ದರೆ ನನ್ನ ಕೆಲಸ ಹೋಗ್ತದೆ."

"ಕೆಲಸಕ್ಕೆ ಹೋಗು ಅಂತ ನಾನು ಹೇಳಿದ್ದೆನಾ?"

"ಇಲ್ಲ."

"ಮತ್ತೆ?" ಎಂದು ಅಡಿಕೆ ಕತ್ತರಿಸಿದರು. ಹೋಳನ್ನು ಬಾಯಿಗೆ ಹಾಕಿಕೊಂಡು, "ಅಲ್ಲ, ಚೆನ್ನಪ್ಪ ಧಾರಣೆ ಕೇಳ್ಲಿಕ್ಕೆ ಬಂದವ. ಅವನನ್ನು ಅಂಗಳದಲ್ಲೇ ತಡೆದು, ನೀನು ಪೊಲೀಸನಾ, ಕಲ್ಲು ಹಾಕ್ತೀಯಾ, ಚಹಾ ಬಯ್ತೀಯಾ ಅಂತ ಕೇಳುದಾ? ನಿಮ್ಮ ಪುತ್ತೂರಿನಲ್ಲಿ ಬಂದವರಿಗೆ ನೀರು ಕೊಡುವ ಕ್ರಮ ಇಲ್ಲವಾ?" ಎಂದರು.

ಅವರು ಬಯ್ದದ್ದು ಅಷ್ಟೆ. ಉಪಾಯ ಹೇಳಿದ್ದಲ್ಲ. ಆಮೇಲೆ ಹಲಸಿನಕಾಯಿಯ ವಿಷಯ ತೆಗೆದರು. ಆದರೆ ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಅದೇ ಕೊರೆಯಿತು. ನಮ್ಮಲ್ಲಿ ಯಾವ ಮನೆಗೆ ಹೋದರೂ ಮೊದಲು ಜಗಲಿ, ಬೆಲ್ಲ ನೀರು. ಬಂದ ಕೆಲಸ ಎಂತ ಎಂದು ಕೇಳುವುದು ಆಮೇಲೆ. ಜಗಲಿಯಲ್ಲಿ ಯಾರೂ ಕೂರಬಹುದು, ಒಳಗೆ ಬರಬೇಕಾದರೆ ಮಾತ್ರ ಒಳಗಿನವರ ರೀತಿಗೆ ಬಗ್ಗಬೇಕು. ಮತ್ತೊಂದು, ನಮ್ಮವರಿಗೆ ಹೌದು ಎನ್ನುವುದೂ ಕಷ್ಟ, ಇಲ್ಲ ಎನ್ನುವುದೂ ಕಷ್ಟ. ಎರಡರ ನಡುವೆ ಆರಾಮವಾಗಿ ಒಂದು ಆಯುಷ್ಯ ಕಳೆಯುತ್ತಾರೆ. ನಾನೇ ಡಿಗ್ರಿ ಮಾಡಿದ್ದು ಆ ನಡುವಿನ ಜಾಗದಲ್ಲಿ ಅಲ್ಲವಾ?

ಸೋಮವಾರ ರಾಯರು ತಾಳಮದ್ದಳೆಗೆಂದು ರಜೆಯಲ್ಲಿದ್ದರು. ಆಫೀಸಿನಲ್ಲಿ ಒಳ್ಳೆಯ ಕೆಲಸಗಳೆಲ್ಲ ಆಗುವುದು ಮೇಲಿನವರು ರಜೆಯಲ್ಲಿರುವಾಗ, ಇದನ್ನು ಬೇಕಾದರೆ ಗೋಡೆಗೆ ಅಂಟಿಸಿಕೊಳ್ಳಿ. ಬೋರ್ಡಿನ ಬಾಗಿಲನ್ನು ಬದಲಾಯಿಸಿದೆ. ಫೋನ್ ಮಾಡಿದವರು ಮೊದಲು ಬರುವುದು 'ಜಗಲಿ' ಎಂಬ ಜಾಗಕ್ಕೆ. ಅಲ್ಲಿ ದಿನದ ಧಾರಣೆ, ಬೇರೆಯವರು ಬರೆದದ್ದು ಎಲ್ಲ ಓದಬಹುದು, ಯಾರೂ ಏನೂ ಕೇಳುವುದಿಲ್ಲ. ತಾವೂ ಬರೆಯಬೇಕೆಂದರೆ ಮಾತ್ರ ಒಪ್ಪಂದ. ಪೊಲೀಸರನ್ನು ಓಡಿಸಿದೆ, ಅಧ್ಯಕ್ಷರನ್ನೂ ಇಳಿಸಿದೆ. ಆ ಯಂತ್ರಕ್ಕೆ ಕನ್ನಡ ಲಿಪಿ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ: 'ಹೆಸರು ಹಾಕಿ ಬರೆಯಿರಿ. ಬಯ್ಯಬೇಡಿ. ಸುಳ್ಳು ಬರೆಯಬೇಡಿ. ಆಗಬಹುದಾ?' ಕೆಳಗೆ ಎರಡರ ಬದಲು ಮೂರು ಉತ್ತರ. ವೈ: ಆಗಬಹುದು. ಎನ್: ಬೇಡ. ಎಂ: ಮತ್ತೆ ಹೇಳ್ತೇನೆ. ಎಂ ಒತ್ತಿದವರು ಜಗಲಿಯಲ್ಲೇ ಕೂತು ಓದುತ್ತ ಇರಬಹುದು. ಲೈನ್ ತಾನಾಗಿ ಕಡಿಯುವ ವ್ಯವಸ್ಥೆಯನ್ನೂ ವಾಪಸ್ಸು ಹಾಕಿದೆ.

ಆ ವಾರ ಎಲ್ಲ ಬ್ರಾಂಚುಗಳೂ ಎಂ ಒತ್ತಿದವು. ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ಹುಟ್ಟಿದಂದಿನಿಂದ ಅದೇ ಗುಂಡಿಗಾಗಿ ಕಾದಿದ್ದ ಹಾಗೆ ಒತ್ತಿದರು. ಧಾರಣೆ ಓದಿದರು, ಹೋದರು. ಲೈನ್ ಖಾಲಿ ಸಿಗತೊಡಗಿತು.

ರಜೆ ಮುಗಿಸಿ ಬಂದ ರಾಯರು ನೋಡಿ, "ಇದರಲ್ಲಿ ಒಪ್ಪಿಗೆ ಎಲ್ಲುಂಟು? ಮಂಡಳಿ ಕೇಳಿದ್ದು ಒಪ್ಪಿಗೆ, ಮತ್ತೆ ಹೇಳ್ತೇನೆ ಅಂತಲ್ಲ" ಎಂದರು. ಮಾತು ಸರಿಯೇ ಇತ್ತು. ಸೆಕ್ರೆಟರಿಗಳು ಸರಿಯಾದ ಮಾತು ಹೇಳುವುದು ಯಾವಾಗಲೂ ನಮಗೆ ಬೇಡದ ಹೊತ್ತಿನಲ್ಲಿ. ಮಹಾಸಭೆ ಎದುರಿಗಿತ್ತು. ಚಿಕ್ಕಮ್ಮನ ಮಕ್ಕಳು ನೆನಪಾದರು.

ಬೀಗ ತೆಗೆದದ್ದು ಕಾಳುಮೆಣಸು. ಕಡಬದ ಗೋಡೌನು ತುಂಬಿ ಅಲ್ಲಿಯ ಕಾಳುಮೆಣಸಿನ ಮೂಟೆಗಳನ್ನು ಸುಳ್ಯಕ್ಕೆ ಕಳಿಸಿದ್ದರು. ಅದನ್ನು ಬಿಚ್ಚಿ ನೋಡಿದ ಬೆಳ್ಳಿಯಪ್ಪಣ್ಣನಿಗೆ ಹೇಳದಿದ್ದರೆ ಊಟ ಸೇರುವುದಿಲ್ಲ, ಹೇಳಬೇಕಾದರೆ ಬರೆಯಬೇಕು, ಬರೆಯಬೇಕಾದರೆ ಒಪ್ಪಬೇಕು. ಅಳಿಯನನ್ನು ಕೇಳದೆಯೇ ವೈ ಒತ್ತಿದರು. ನಿಯಮ ಪ್ರಕಾರ ಹೆಸರು ಹಾಕಿ, ಬಯ್ಯದೆ ಬರೆದರು: 'ಕಡಬದಿಂದ ಬಂದ ಕಾಳುಮೆಣಸು ಸರಿ ಒಣಗಿದ ಹಾಗೆ ಕಾಣುವುದಿಲ್ಲ. ಮುಖ್ಯವಾಗಿ ಇಚಿಲಂಪಾಡಿಯ ಮೂಟೆ. ನಮ್ಮ ಕಣ್ಣಿನ ದೋಷವೂ ಇರಬಹುದು. ಬೆಳ್ಳಿಯಪ್ಪ, ಸುಳ್ಯ.'

ಬಯ್ದಿದ್ದರೆ ಒಂದು ವೇಳೆ ಸಹಿಸುತ್ತಿದ್ದರು. ಆ ಕಣ್ಣಿನ ದೋಷ ಎಂಬ ಮರ್ಯಾದೆಯನ್ನು ಯಾರು ಸಹಿಸುತ್ತಾರೆ? ಇಚಿಲಂಪಾಡಿಯ ಮೂಟೆ ಎಂದರೆ ದೂಮಣ್ಣ ಮಾವನ ಮೂಟೆ. ಅಂಗಳದಲ್ಲಿ ಕಾಳುಮೆಣಸು ಒಣಗುವಾಗ ಮಾವ ಅದಕ್ಕೆ ಕೊಡುವ ಗಮನವನ್ನು ನಮ್ಮ ಯಾರ ಜ್ವರಕ್ಕೂ ಕೊಟ್ಟವರಲ್ಲ. ಚೆನ್ನಪ್ಪಣ್ಣ ಅದನ್ನು ಬೋರ್ಡಿನ ಜಗಲಿಯಲ್ಲಿ ಓದಿ, ಪ್ರಿಂಟ್ ತೆಗೆದು ಮಾವನಿಗೆ ಕಳಿಸಿದರು. ಹೊರಗೆ ಹೋಗುವುದಕ್ಕೂ "ತೂಕ" ಎನ್ನುವ ಮಾವ ಮರುದಿನ ಬೆಳಗ್ಗೆ ಕಡಬ ಬ್ರಾಂಚಿನ ಬೆಂಚಿನಲ್ಲಿದ್ದರು.

ಚೆನ್ನಪ್ಪಣ್ಣ ಆಮೇಲೆ ಬೂತಿನಿಂದ ನನಗೆ ಫೋನ್ ಮಾಡಿದರು. ಸ್ವರ ತಗ್ಗಿತ್ತು. "ನಿನ್ನ ಮಾವ ಬಂದಿದ್ರು ಮಾರಾಯ್ತಿ. 'ಬರಿ ಅವನಿಗೆ' ಅಂತ ಹೇಳಿದ್ರು."

"ಬರಿಲಿಕ್ಕೆ ಮೊದಲು ಒಪ್ಪಬೇಕಲ್ಲ ಅಣ್ಣ. ಮಾವ ಹೂಂ ಅಂದ್ರಾ?"

"ಆ ಮುಖ ನೋಡಿ ಅದನ್ನೆಲ್ಲ ಕೇಳ್ಲಿಕ್ಕೆ ನನಗೆ ಧೈರ್ಯ ಉಂಟಾ? ಒತ್ತಿ ಆಯ್ತು."

ಪರದೆಯಲ್ಲಿ ಕಡಬದ ಉತ್ತರ ಬಂದಿತ್ತು: 'ಕಾಳುಮೆಣಸು ಒಣಗಿಯೇ ಇದೆ. ಸುಳ್ಯದ ಗೋಡೌನಿನ ಮಾಡು ಸೋರುವುದು ಎಲ್ಲರಿಗೂ ಗೊತ್ತು. ನಮ್ಮ ಕಿವಿಯ ದೋಷವೂ ಇರಬಹುದು.' ಅದರ ಬೆನ್ನಿಗೆ ಅರಂತೋಡಿನವರೂ ವೈ ಒತ್ತಿದರು. ಅವರಿಗೆ ಯಾವ ಪಕ್ಷವೂ ಇರಲಿಲ್ಲ, ಇಂಥ ಚರ್ಚೆಯಲ್ಲಿ ಮಾತಾಡದೆ ಕೂರಲು ಆಗಲಿಲ್ಲ, ಅಷ್ಟೆ. ಮಹಾಸಭೆಯ ಹೊತ್ತಿಗೆ ಎಲ್ಲ ಬ್ರಾಂಚುಗಳೂ ಒಪ್ಪಿ ಆಗಿತ್ತು. ಬಯ್ಯುವುದಿಲ್ಲ ಎಂದು ಒಪ್ಪಿದವರು ಬಯ್ಯದೆ ಎಷ್ಟು ನೋಯಿಸಬಹುದು ಎಂಬ ವಿದ್ಯೆಯನ್ನೂ ಕಲಿತಾಗಿತ್ತು.

ಮಹಾಸಭೆಯಲ್ಲಿ ವಾಮನ ರಾಯರು ಮೈಕಿನ ಎದುರು, "ನಮ್ಮ ಜನರಿಂದ ಇದು ಆಗಿಯೇ ಆಗ್ತದೆ ಅಂತ ನಾನು ಮೊದಲ ದಿನವೇ ಹೇಳಿದ್ದೆ" ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ನಮ್ಮ ಸೊಸೈಟಿಯಲ್ಲಿ ಕೆಲಸ ಖಾಯಂ ಆದವರಿಗೆ ವೇದಿಕೆಯಲ್ಲಿ ಸೇವಾ ಪ್ರಮಾಣಪತ್ರ ಕೊಡುವ ಕ್ರಮ. ಜಲಜಾಕ್ಷಿ, ಬಿ.ಕಾಂ. ಎಂದು ಕೂಗಿದರು. ಹೋದೆ. ಕಾಳುಮೆಣಸಿನ ಕಲ್ಲಿನ ನಿರ್ದೇಶಕರೇ ದಪ್ಪ ಕಾಗದದ ಆ ಸರ್ಟಿಫಿಕೇಟನ್ನು ಕೈಗೆ ಕೊಟ್ಟರು.

ಇಳಿದು ಬರುವಾಗ ಹಿಂದಿನ ಸಾಲಿನಲ್ಲಿ ದೂಮಣ್ಣ ಮಾವ ಎದ್ದು ನಿಂತಿದ್ದರು. ಹತ್ತಿರ ಹೋದೆ.

"ನಾನು ಒಪ್ಪಿಗೆ ಕೊಟ್ಟದ್ದಲ್ಲ, ಗೊತ್ತಾಯ್ತಾ?" ಎಂದರು. "ಸುಳ್ಯದವನಿಗೆ ಉತ್ತರ ಬರಿ ಅಂತ ಹೇಳಿದ್ದು, ಅಷ್ಟೆ. ನಿನ್ನ ಕಾಲೇಜಿಗೂ ನಾನು ಒಪ್ಪಿಗೆ ಕೊಟ್ಟದ್ದಲ್ಲ."

"ಗೊತ್ತುಂಟು ಮಾವ."

ಅವರು ಹೆಗಲ ಶಾಲು ತೆಗೆದು ಒಂದು ಕೈಯ ಮೇಲೆ ಹರಡಿ, ಇನ್ನೊಂದು ಕೈ ಚಾಚಿದರು.

"ಅದನ್ನು ಇಲ್ಲಿ ಕೊಡು. ಬಸ್ಸಿನಲ್ಲಿ ರಶ್ ಉಂಟು, ನೀನು ಮಡಚಿ ಹಾಳು ಮಾಡ್ತಿ. ನಾಳೆ ನಿನ್ನ ಚಿಕ್ಕಮ್ಮನ ಆ ಸಣ್ಣ ಹುಡುಗಿಯರಿಗೆ ತೋರಿಸ್ಬೇಕು."